ಇಂದಿನ ಧಮ್ಮ ಚಿಂತನೆ: ನೀರಿನ ದಂಡೆಯ ರಾತ್ರಿ, ಅಭಯದಾನ



ಜಪಾನಿನಲ್ಲಿ ಕೆಲಸಕ್ಕಿರುವ ನನ್ನ ಅಕ್ಕನ ಮಗಳು ಈಚೆಗೆ ಎರಡು ದಿನ ರಜೆ ಸಿಕ್ಕಾಗ ಕಡಲ ದಂಡೆಯ ಒಂದು ಸಣ್ಣ ಊರಿಗೆ ಹೋಗಿ, ಅಲ್ಲಿನ ಕ್ಯಾಂಪ್ ಮೈದಾನದಲ್ಲಿ ಟೆಂಟ್ ಹಾಕಿಕೊಂಡು ಮಲಗಿ ಬಂದಳು. ಒಬ್ಬಳೇ. ಫೋನಿನಲ್ಲಿ ಅವಳು ಹೇಳಿದ್ದೆಲ್ಲ ಸಣ್ಣಪುಟ್ಟ ಸಂಗತಿಗಳು. ಪಾತ್ರೆ ತೊಳೆಯಲು ಎಲ್ಲರಿಗೂ ಸೇರಿ ಒಂದೇ ಕಟ್ಟೆ, ಅದರಲ್ಲಿ ಒಂದು ಅನ್ನದ ಅಗುಳೂ ಬಿದ್ದಿರಲಿಲ್ಲ. ಕಸ ಹಾಕಲು ಡಬ್ಬಿಯೇ ಇಲ್ಲ, ಅವರವರ ಕಸ ಅವರವರೇ ಚೀಲದಲ್ಲಿ ಕಟ್ಟಿಕೊಂಡು ಹೋಗಬೇಕು. ರಾತ್ರಿ ಒಂಬತ್ತರ ಮೇಲೆ ಯಾರದೂ ಸದ್ದಿಲ್ಲ, ಅಲೆಯದೊಂದೇ ಸದ್ದು. ಅಲ್ಲಿದ್ದ ದೊಡ್ಡ ಫಲಕವೆಂದರೆ ಸುನಾಮಿ ಬಂದರೆ ಯಾವ ಕಡೆ ಓಡಬೇಕು ಅನ್ನುವುದು. 2011ರ ಮಾರ್ಚ್ 11 ಅನ್ನು ಆ ದೇಶ ಮರೆತಿಲ್ಲ.

ಕೊನೆಗೆ ಅವಳು ಹೇಳಿದ ಒಂದು ಮಾತು ನನ್ನಲ್ಲೇ ಉಳಿಯಿತು. "ಮಾಮಾ, ನಡುರಾತ್ರ್ಯಾಗ ಎಚ್ಚರಾತು. ಒಬ್ಬಾಕೀನ ನೀರಿನ ತನಕ ನಡಕೊಂಡ ಹೋಗಿ ಕುಂತು ಬಂದೆ. ಅಂಜಿಕಿ ಅನ್ನೂದು ನೆನಪಿಗೇ ಬರಲಿಲ್ಲ. ಬೆಳಿಗ್ಗೆ ಎದ್ದ ಮ್ಯಾಲೆ ಅದು ಹೊಳೀತು."

ಇದನ್ನು ನಾನು ಬಳಗದಲ್ಲಿ ಹೇಳಿದಾಗ ಗಂಗಾವತಿ ಕಡೆಯ ನಮ್ಮ ತಂಗಿಯೊಬ್ಬರು ಕೇಳಿದರು: "ಸರ್, ನಮ್ಮ ಸಾಣಾಪುರ ಕೆರಿ ದಂಡಿ ಮ್ಯಾಲ ಹಂಗ ಕುಂದ್ರಾಕ ಆಗತೈತೇನ್ರಿ?" ಯಾರೂ ಉತ್ತರ ಕೊಡಲಿಲ್ಲ. ಕೊಡುವ ಹಾಗೂ ಇರಲಿಲ್ಲ.

2025ರ ಮಾರ್ಚ್ 6ರ ರಾತ್ರಿ ಅದೇ ಸಾಣಾಪುರ ಕೆರೆಯ ಹತ್ತಿರ, ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕ ಐದು ಜನ ನಕ್ಷತ್ರ ನೋಡುತ್ತ ಕುಳಿತಿದ್ದರು. ನಾಲ್ವರು ಪ್ರವಾಸಿಗರು, ಒಬ್ಬರು ಅವರನ್ನು ಉಳಿಸಿಕೊಂಡಿದ್ದ ಹೋಂಸ್ಟೇ ನಡೆಸುವ ಹೆಣ್ಣುಮಗಳು. ಬೈಕಿನಲ್ಲಿ ಬಂದ ಮೂವರು ಮೊದಲು ಪೆಟ್ರೋಲ್ ವಿಚಾರಿಸಿ, ಆಮೇಲೆ ಹಣ ಕೇಳಿ ಜಗಳ ತೆಗೆದರೆಂದು ದೂರಿನಲ್ಲಿದೆ. ಗಂಡಸರನ್ನು ಕಾಲುವೆಗೆ ತಳ್ಳಿದರು. ಒಡಿಶಾದಿಂದ ಬಂದಿದ್ದ ಯುವಕ ನೀರುಪಾಲಾದ. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. ಉಳಿದದ್ದನ್ನು ನಾನಿಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತಿದೆ. ನಮ್ಮ ಜಿಲ್ಲೆಯ ಹೆಸರು ಲೋಕದ ಪತ್ರಿಕೆಗಳಲ್ಲಿ ಬಂದದ್ದು ಗವಿಮಠದ ಅಶೋಕ ಶಾಸನದಿಂದಲ್ಲ, ಕಿನ್ನಾಳದ ಗೊಂಬೆಯಿಂದಲೂ ಅಲ್ಲ, ಆ ರಾತ್ರಿಯಿಂದ.

ಇಂಥ ಮಾತು ಬಂದಾಗ ನಮ್ಮಲ್ಲಿ ಕೆಲವರು ಭಯಭೇರವ ಸುತ್ತವನ್ನು ತೆಗೆಯುತ್ತಾರೆ. ಮಜ್ಝಿಮ ನಿಕಾಯದ ನಾಲ್ಕನೆಯ ಸುತ್ತ ಅದು. ಜಾನುಸ್ಸೋಣಿ ಎಂಬ ಬ್ರಾಹ್ಮಣನಿಗೆ ಭಗವಾನರು ತಾವು ಬೋಧಿ ಪಡೆಯುವ ಮೊದಲಿನ ದಿನಗಳ ಕಥೆ ಹೇಳುತ್ತಾರೆ. ಪಕ್ಷದ ಅಷ್ಟಮಿ, ಚತುರ್ದಶಿ, ಪಂಚದಶಿಯ ರಾತ್ರಿಗಳಲ್ಲಿ ಬೇಕೆಂದೇ ಮೈ ಜುಮ್ಮೆನ್ನುವ ವನಚೈತ್ಯಗಳಿಗೆ ಹೋಗಿ ಉಳಿಯುತ್ತಿದ್ದರಂತೆ. ಜಿಂಕೆಯೊಂದು ಹಾದುಹೋದರೆ, ನವಿಲು ಕಡ್ಡಿ ಮುರಿದರೆ, ಗಾಳಿಗೆ ತರಗೆಲೆ ಸರಿದರೆ, ಇದೋ ಬಂತು ಭಯ ಅನ್ನಿಸುತ್ತಿತ್ತು. ಆಗ ನಡೆಯುತ್ತಿದ್ದರೆ ಭಯ ಇಳಿಯುವ ತನಕ ನಡೆಯುತ್ತಲೇ ಇದ್ದರು, ನಿಲ್ಲಲಿಲ್ಲ. ಕುಳಿತಿದ್ದರೆ ಕುಳಿತೇ ಇದ್ದರು, ಏಳಲಿಲ್ಲ. ಧ್ಯಾನಕ್ಕೆ ಕೂರುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ.

ಆದರೆ ಸಾಣಾಪುರದ ಮಾತಿಗೆ ಇದನ್ನು ಉತ್ತರವಾಗಿ ಕೊಡಬಾರದು ಎಂಬುದು ನನ್ನ ಅಭಿಪ್ರಾಯ. ಸುತ್ತದಲ್ಲಿರುವುದು ತರಗೆಲೆಯ ಸದ್ದಿಗೆ ಏಳುವ ಭಯ, ನಮ್ಮ ಮನಸ್ಸು ಕಟ್ಟಿಕೊಂಡದ್ದು. ಕಾಲುವೆ ದಂಡೆಗೆ ಬಂದ ಭಯ ಮನಸ್ಸಿನಿಂದ ಬರಲಿಲ್ಲ, ಬೈಕಿನ ಮೇಲೆ ಬಂತು. ಅಲ್ಲಿ ಕುಳಿತ ಹೆಣ್ಣುಮಗಳಿಗೆ "ಭಯ ಗೆಲ್ಲಮ್ಮ" ಎಂದು ಬೋಧನೆ ಮಾಡುವುದು ತಪ್ಪು ವಿಳಾಸಕ್ಕೆ ಪತ್ರ ಹಾಕಿದಂತೆ. ಹಾಗೆಯೇ "ಅಷ್ಟು ಹೊತ್ತಿನಾಗ ಅಲ್ಲಿಗ್ಯಾಕ ಹೋಗಬೇಕಿತ್ತು" ಅನ್ನುವವರೂ ಒಂದು ಕ್ಷಣ ಯೋಚಿಸಬೇಕು. ನಮ್ಮ ಶಾಸ್ತ್ತನೇ ಎಷ್ಟೋ ರಾತ್ರಿಗಳನ್ನು ಮರದ ಕೆಳಗೆ, ಹೊಳೆಯ ದಂಡೆಯಲ್ಲಿ, ಪರರ ಊರಿನಾಚೆ ಕಳೆದವನು.

ಪತ್ರದ ಸರಿಯಾದ ವಿಳಾಸ ಅಂಗುತ್ತರ ನಿಕಾಯದ ಎಂಟರ ನಿಪಾತದಲ್ಲಿದೆ, ಅಭಿಸಂದ ಸುತ್ತದಲ್ಲಿ. ಪುಣ್ಯದ ಎಂಟು ಹೊನಲುಗಳನ್ನು ಭಗವಾನರು ಅಲ್ಲಿ ಎಣಿಸುತ್ತಾರೆ. ಮೊದಲ ಮೂರು ಬುದ್ಧ, ಧಮ್ಮ, ಸಂಘಕ್ಕೆ ಶರಣು ಹೋಗುವುದು. ಉಳಿದ ಐದು ನಾವು ದಿನಾ ಬೆಳಿಗ್ಗೆ ಹೇಳುವ ಪಂಚಶೀಲವೇ. ಆದರೆ ಅಲ್ಲಿ ಅವಕ್ಕೆ ಇಟ್ಟ ಹೆಸರು ನೋಡಿ: ಮಹಾದಾನ. ಕೊಲ್ಲದಿರುವುದು ಒಂದು ದಾನ. ಕೊಡದಿದ್ದುದನ್ನು ಕಸಿಯದಿರುವುದು ಒಂದು ದಾನ. ಕಾಮದಲ್ಲಿ ತಪ್ಪಿ ನಡೆಯದಿರುವುದು, ಸುಳ್ಳಾಡದಿರುವುದು, ಮೈಮರೆಸುವ ಮದ್ಯ ಮುಟ್ಟದಿರುವುದು, ಇವೂ ದಾನಗಳು. ಇವನ್ನು ಪಾಲಿಸುವವನು ಲೆಕ್ಕವಿಲ್ಲದಷ್ಟು ಜೀವಿಗಳಿಗೆ ಅಭಯ ಕೊಡುತ್ತಾನೆ, ವೈರವಿಲ್ಲದ ಬಾಳು ಕೊಡುತ್ತಾನೆ. ಕೊಟ್ಟದ್ದರಲ್ಲಿ ತಾನೂ ಪಾಲು ಪಡೆಯುತ್ತಾನೆ.

ಶೀಲವೆಂದರೆ ನಮ್ಮ ನಮ್ಮ ಮಡಿ, ನಮ್ಮ ಕೊಡ ನಾವು ತುಂಬಿಕೊಳ್ಳುವ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ಸುತ್ತ ಹೇಳುವುದು ಬೇರೆ. ಶೀಲದ ಫಲ ಮೊದಲು ಸೇರುವುದು ಎದುರಿಗಿರುವವರಿಗೆ, ಅದೂ ನಮ್ಮ ಹೆಸರು ಮುಖ ಗೊತ್ತಿಲ್ಲದವರಿಗೆ. ನನ್ನ ಅಕ್ಕನ ಮಗಳು ಆ ರಾತ್ರಿ ನೀರಿನ ತನಕ ನಡೆದು ಬಂದಳಲ್ಲ, ಆ ನೆಮ್ಮದಿ ಕಡಲು ಕೊಟ್ಟದ್ದಲ್ಲ. ಕಡಲಿಗಾದರೆ ಅಲ್ಲಿ ಎಚ್ಚರಿಕೆಯ ಫಲಕವೇ ಇತ್ತು. ಸುತ್ತಲಿನ ಟೆಂಟುಗಳಲ್ಲಿ, ಹಿಂದಿನ ಊರಿನಲ್ಲಿ ಮಲಗಿದ್ದ, ಅವಳನ್ನು ನೋಡಿಯೂ ಇರದ ಜನ ಕೊಟ್ಟದ್ದು. ಕೊಟ್ಟೆವೆಂದು ಅವರಿಗೂ ಗೊತ್ತಿಲ್ಲ, ಪಡೆದೆನೆಂದು ಇವಳಿಗೂ ಆಗ ಹೊಳೆದಿರಲಿಲ್ಲ. (ಜಪಾನ್ ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ಅಲ್ಲಿಯೂ ಪೊಲೀಸರಿದ್ದಾರೆ, ಜೈಲುಗಳಿವೆ.)

ಸಾಣಾಪುರ ಕಡೆಯೂ ಇಂಥ ದಾನಿಗಳು ಸಾವಿರಾರು ಜನ ಇದ್ದಾರೆ, ಇದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ತೆರವಾದವು. ಹೊಳೆಯ ಈ ದಂಡೆಯಲ್ಲಿ ಉಳಿಯುವವರನ್ನು ಸಾಣಾಪುರ, ಆನೆಗುಂದಿ ಕಡೆಯವರು ಮನೆಯಲ್ಲಿಟ್ಟುಕೊಂಡರು, ರೊಟ್ಟಿ ಬಡಿದು ಹಾಕಿದರು, ಹರಿಗೋಲಿನಲ್ಲಿ ಕೂರಿಸಿ ಕೆರೆ ತೋರಿಸಿದರು. ಸಾವಿರ ಜನ ಕೂಡಿ ಕಟ್ಟಿದ ಅಭಯವನ್ನು ಮೂವರು ಒಂದು ರಾತ್ರಿಯಲ್ಲಿ ಒಡೆದರು. ಅಭಯದ ಕಷ್ಟವೇ ಇದು. ಒಂದು ಊರಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಜನ ಶೀಲವಂತರಿದ್ದರೂ ನೀರಿನ ದಂಡೆಯಲ್ಲಿ ಕುಳಿತವಳಿಗೆ ಅದು ಸಾಲುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಆ ಘಟನೆಯ ನಂತರ ಬಂದೋಬಸ್ತಿನ ಮಾತು ಬಂತು, ಗಸ್ತಿನ ಮಾತು ಬಂತು. ಅವು ಬೇಕು. ಕಾನೂನು ಬೇಡವೆನ್ನುವುದು ಬಾಬಾಸಾಹೇಬರ ಮಕ್ಕಳಿಗೆ ಒಪ್ಪುವ ಮಾತಲ್ಲ. ಆದರೆ ಅಶೋಕ ಮಹಾರಾಜ ದೆಹಲಿ-ತೋಪ್ರಾ ಕಂಬದ ಏಳನೆಯ ಶಾಸನದಲ್ಲಿ ತನ್ನ ಅನುಭವವೊಂದನ್ನು ಬರೆಸಿದ್ದಾನೆ. ಅದೇ ಶಾಸನದಲ್ಲಿ ದಾರಿಯುದ್ದಕ್ಕೂ ಆಲದ ಮರ ನೆಡಿಸಿದ್ದನ್ನು, ಮಾವಿನ ತೋಪು ಮಾಡಿಸಿದ್ದನ್ನು, ಬಾವಿ ತೋಡಿಸಿದ್ದನ್ನು, ತಂಗುವ ಮನೆ ಕಟ್ಟಿಸಿದ್ದನ್ನು ಹೇಳುತ್ತಾನೆ. ಪರಊರಿನವನು ರಾತ್ರಿ ಎಲ್ಲಿ ಮಲಗಬೇಕು ಎಂದು ಯೋಚಿಸಿದ ದೊರೆ ಅವನು. ಆಮೇಲೆ ಹೇಳುತ್ತಾನೆ: ಜನರಲ್ಲಿ ಧಮ್ಮ ಬೆಳೆದದ್ದು ಎರಡು ದಾರಿಯಿಂದ, ಒಂದು ಕಟ್ಟಳೆ, ಇನ್ನೊಂದು ಮನವೊಲಿಸುವುದು. ಇವೆರಡರಲ್ಲಿ ಕಟ್ಟಳೆಯಿಂದ ಆದದ್ದು ಅಲ್ಪ, ಮನವೊಲಿಕೆಯಿಂದ ಆದದ್ದೇ ಹೆಚ್ಚು. ಕಟ್ಟಳೆ ಹಾಕುವ ಅಧಿಕಾರವೆಲ್ಲ ಕೈಯಲ್ಲಿದ್ದ ಚಕ್ರವರ್ತಿಯ ಮಾತಿದು, ನಮ್ಮಂಥವರದಲ್ಲ.

ಮನವೊಲಿಸಬೇಕಾದದ್ದು ಯಾರನ್ನು? ಭಾನುವಾರ ವಂದನೆಗೆ ಬರುವ ನಮ್ಮನ್ನಲ್ಲ. ಹದಿನೇಳು, ಹದಿನೆಂಟು, ಇಪ್ಪತ್ತರ ಹುಡುಗರನ್ನು. ಬೈಕ್ ಹಿಡಿದು ಸಂಜೆ ಹೊರಟರೆ ರಾತ್ರಿ ಎಲ್ಲಿರುತ್ತಾರೆಂದು ಮನೆಯಲ್ಲಿ ಯಾರೂ ಕೇಳದ ಹುಡುಗರನ್ನು. ಹುಡುಗಿ ಸಂಜೆ ಏಳಕ್ಕೆ ಮನೆಯಲ್ಲಿರಬೇಕೆಂದು ಕಟ್ಟಳೆ ಹಾಕುವ ನಾವೇ, ಹುಡುಗನಿಗೆ "ಎಲ್ಲಿದ್ದಿ ಇಷ್ಟೊತ್ತು" ಎಂದು ಕೇಳಲು ಹಿಂಜರಿಯುತ್ತೇವೆ. ಧಮ್ಮದೀಕ್ಷೆಯ 22 ಪ್ರತಿಜ್ಞೆಗಳಲ್ಲಿ ಕಳವು ಮಾಡೆನು, ಸುಳ್ಳಾಡೆನು, ವ್ಯಭಿಚಾರ ಮಾಡೆನು, ಮದ್ಯ ಮುಟ್ಟೆನು ಎಂಬವು ಇವೆ. ಅಕ್ಟೋಬರ್ 14ರಂದು ಮಕ್ಕಳ ಕೈ ಮುಂದೆ ಮಾಡಿಸಿ ಅವನ್ನು ಹೇಳಿಸುತ್ತೇವೆ. ಇದು ನೀನು ಕಂಡರಿಯದ ಒಬ್ಬ ಹೆಣ್ಣುಮಗಳಿಗೆ ಕೊಡುತ್ತಿರುವ ದಾನ, ಕತ್ತಲಲ್ಲಿ ಅವಳನ್ನು ಕಂಡರೆ ದಾರಿ ಬಿಟ್ಟು ಮುಂದೆ ಹೋಗುವುದೇ ಆ ದಾನ, ನಿನ್ನ ಜೊತೆಯ ಗೆಳೆಯ ಬೈಕ್ ನಿಲ್ಲಿಸಿದರೆ "ನಡಿಯಲೇ, ಹೋಗೂನು" ಅನ್ನುವುದೂ ಆ ದಾನವೇ ಎಂದು ಬಿಡಿಸಿ ಹೇಳಿದವರು ನಮ್ಮಲ್ಲಿ ಎಷ್ಟು ಜನ? ಮೂವರಲ್ಲಿ ಒಬ್ಬ ಆ ಮಾತು ಅಂದಿದ್ದರೂ ಒಡಿಶಾದ ಒಬ್ಬ ತಾಯಿಗೆ ಮಗ ಉಳಿಯುತ್ತಿದ್ದನೇನೋ.

ಗವಿಮಠದ ಮತ್ತು ಪಾಲ್ಕಿಗುಂಡಿನ ಬಂಡೆಗಳ ಶಾಸನದಲ್ಲಿ ಅಶೋಕ, ತಾನು ಉಪಾಸಕನಾದ ಮೇಲೂ ಮೊದಲ ಒಂದು ವರ್ಷ ಹೆಚ್ಚು ಶ್ರಮಪಡಲಿಲ್ಲ, ಸಂಘದ ಸಮೀಪಕ್ಕೆ ಹೋದ ನಂತರವೇ ಶ್ರಮಪಟ್ಟೆ ಎಂದು ಹೇಳಿಕೊಂಡಿದ್ದಾನೆ. ಸಣ್ಣವರಿಂದಲೂ ಇದು ಆಗುತ್ತದೆ, ದೊಡ್ಡವರಿಗಷ್ಟೇ ಮೀಸಲಲ್ಲ ಎಂದೂ ಹೇಳಿದ್ದಾನೆ. ಆ ಬಂಡೆಗಳು ನಮ್ಮ ಕೊಪ್ಪಳದಲ್ಲೇ ಇವೆ, ನಮ್ಮ ಹುಡುಗರು ಅವುಗಳ ಮುಂದೆ ಸೆಲ್ಫಿ ತೆಗೆದುಕೊಂಡು ಬರುತ್ತಾರೆ.

ಬರುವ ಭಾನುವಾರದ ಓದಿಗೆ ಅಭಿಸಂದ ಸುತ್ತವನ್ನೇ ಇಟ್ಟುಕೊಂಡಿದ್ದೇವೆ. ಕುಷ್ಟಗಿ, ಯಲಬುರ್ಗಾ ಕಡೆಯವರು ಎಂದಿನಂತೆ ಬೆಳಗಿನ ಬಸ್ಸಿಗೆ ಬನ್ನಿ. ಒಂದೇ ಒಂದು ವಿನಂತಿ: ಮನೆಯಲ್ಲಿ ಬೈಕ್ ಓಡಿಸುವ ಮಗ, ತಮ್ಮ, ಅಳಿಯ ಯಾರಿದ್ದರೂ ಅವರ ಹಿಂದೆಯೇ ಕುಳಿತು ಬನ್ನಿ. ಬಿಟ್ಟು ಹೋಗುತ್ತೇನೆ ಅಂದರೆ ಬಿಡಬೇಡಿ, ಒಳಗೆ ಕರೆದುಕೊಂಡು ಬನ್ನಿ. ಚಹಾ, ಅವಲಕ್ಕಿ ಇರುತ್ತದೆ.

ಭವತು ಸಬ್ಬ ಮಂಗಲಂ.