ಬಾಗಿಲು ತಟ್ಟುವ ಹಕ್ಕು

2018ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅರಿಝೋನಾ ರಾಜ್ಯದಲ್ಲಿ ಎಪ್ಪತ್ತೆರಡು ವರ್ಷದ ಮಹಿಳೆಯೊಬ್ಬರು ತಮ್ಮ ಸ್ವಂತ ಮನೆಯೊಳಗೆ ಸೆಕೆಯಿಂದ ತೀರಿಕೊಂಡರು. ಫೀನಿಕ್ಸ್ ನಗರದ ಹೊರವಲಯದಲ್ಲಿರುವ ಸನ್ ಸಿಟಿ ವೆಸ್ಟ್ ಎಂಬ ಊರು ಅದು. ನಿವೃತ್ತರಿಗೆಂದೇ ಕಟ್ಟಿದ್ದು. ಆಕೆಯ ವಿದ್ಯುತ್ ಬಿಲ್ಲು 176 ಡಾಲರ್ ಚಿಲ್ಲರೆಯಾಗಿತ್ತು. ಅದರಲ್ಲಿ 125 ಡಾಲರ್ ಕಟ್ಟಿದ್ದರು. ಉಳಿದ 51 ಡಾಲರ್ ಬಾಕಿಗಾಗಿ ವಿದ್ಯುತ್ ಕಂಪೆನಿ ಸಂಪರ್ಕ ಕಡಿದುಹಾಕಿತು. ಅಂದು ಹೊರಗಿದ್ದ ತಾಪಮಾನ 107 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 42 ಡಿಗ್ರಿ. ಎ.ಸಿ. ನಿಂತಿತು. ಕೆಲವು ದಿನಗಳ ಬಳಿಕ ಶವ ಸಿಕ್ಕಿತು.

ಮರುವರ್ಷ ಈ ಸಂಗತಿ ಪತ್ರಿಕೆಯಲ್ಲಿ ಬಂದಾಗ ಜನ ರೊಚ್ಚಿಗೆದ್ದರು. 2019ರ ಜೂನ್‌ನಲ್ಲಿ ಆ ರಾಜ್ಯದ ಕಾರ್ಪೊರೇಶನ್ ಕಮಿಶನ್, ತನ್ನ ವ್ಯಾಪ್ತಿಯ ಕಂಪೆನಿಗಳು ಬೇಸಗೆಯ ತಿಂಗಳುಗಳಲ್ಲಿ ಬಾಕಿಗಾಗಿ ಮನೆಗಳ ವಿದ್ಯುತ್ ಕಡಿಯಬಾರದೆಂದು ಆದೇಶಿಸಿತು. ಒಳ್ಳೆಯದೇ ಆಯಿತು. ಆದರೆ ಆ ಆದೇಶದಿಂದ ಪೂರ್ತಿ ಉತ್ತರ ಸಿಗದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಲೇ ಇದೆ. ಇಂಥ ಸಾವುಗಳಲ್ಲಿ ತಪ್ಪು ಯಾರದು? ಕಂಪೆನಿ ತನ್ನ ನಿಯಮದಂತೆ ನಡೆಯಿತು. ದೂರದ ಊರಿನಲ್ಲಿರುವ ಮಕ್ಕಳು ಫೋನು ಮಾಡುತ್ತಲೇ ಇರುತ್ತಾರೆ. ಪಕ್ಕದ ಮನೆಯವರು ಇನ್ನೊಬ್ಬರ ಖಾಸಗಿ ಬದುಕಿಗೆ ತಲೆಹಾಕದ ಸಭ್ಯರು. ಸ್ವತಃ ಆ ವೃದ್ಧರೂ ಯಾರಲ್ಲೂ ಏನನ್ನೂ ಬೇಡದ ಸ್ವಾಭಿಮಾನಿಗಳು. ಒಬ್ಬೊಬ್ಬರನ್ನೇ ಕರೆದು ನಿಲ್ಲಿಸಿ ವಿಚಾರಿಸಿದರೆ ಎಲ್ಲರೂ ನಿರ್ದೋಷಿಗಳು. ಎಲ್ಲರೂ ಸೇರಿದಾಗ ಒಂದು ಹೆಣ.

ಫೀನಿಕ್ಸ್ ಸೊನೋರನ್ ಮರುಭೂಮಿಯಲ್ಲಿರುವ ನಗರ. ಅಲ್ಲಿ ಇಡೀ ವರ್ಷದಲ್ಲಿ ಬೀಳುವ ಮಳೆ ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳ ಎರಡು ಜೋರು ದಿನಗಳಲ್ಲಿ ಸುರಿದುಬಿಡುವಷ್ಟು. 2023ರಲ್ಲಿ ಜೂನ್ 30ರಿಂದ ಜುಲೈ 30ರವರೆಗೆ ಸತತ 31 ದಿನ ಅಲ್ಲಿನ ತಾಪಮಾನ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 43 ಡಿಗ್ರಿ ಸೆಲ್ಸಿಯಸ್ ದಾಟಿತು. ರಾತ್ರಿಯಾದರೂ ಕಾಂಕ್ರೀಟು ಆರುವುದಿಲ್ಲ. ಆ ವರ್ಷ ಫೀನಿಕ್ಸ್ ಇರುವ ಮರಿಕೋಪಾ ಕೌಂಟಿಯಲ್ಲಿ ಸೆಕೆಗೆ ಸಂಬಂಧಿಸಿದ ಸಾವುಗಳು 645. ಮರುವರ್ಷ 608. ಇವರಲ್ಲಿ ಬಹಳಷ್ಟು ಮಂದಿ ಬೀದಿಯಲ್ಲಿ ಬದುಕುವ ನಿರ್ಗತಿಕರು. ಅದು ಬೇರೆಯೇ ಒಂದು ಅಧ್ಯಾಯ. ಆದರೆ ನೂರಕ್ಕೂ ಹೆಚ್ಚು ಮಂದಿ ಸತ್ತದ್ದು ಮನೆಯೊಳಗೆ, ಮತ್ತು ಹಾಗೆ ಸಾಯುವವರಲ್ಲಿ ವಯಸ್ಸಾದವರೇ ಹೆಚ್ಚು. ಗಮನಿಸಬೇಕಾದ ಅಂಶವೆಂದರೆ ಆ ಮನೆಗಳಲ್ಲಿ ಬಹುತೇಕ ಎ.ಸಿ. ಇತ್ತು, ಆದರೆ ಓಡುತ್ತಿರಲಿಲ್ಲ. ಕೆಟ್ಟಿತ್ತು, ಇಲ್ಲವೇ ಆರಿಸಿತ್ತು, ಇಲ್ಲವೇ ಕರೆಂಟು ಇರಲಿಲ್ಲ.

ಮುದಿ ದೇಹಕ್ಕೆ ಸೆಕೆ ಮಾಡುವ ಮೋಸವೂ ವಿಚಿತ್ರವಾದದ್ದು. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಡಿಮೆಯಾಗುತ್ತದೆ, ಬೆವರುವುದೂ ಕಡಿಮೆಯಾಗುತ್ತದೆ. ರಕ್ತದೊತ್ತಡಕ್ಕೆಂದು ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು ದೇಹದ ನೀರನ್ನು ಇನ್ನಷ್ಟು ಬಸಿಯುತ್ತವೆ. ಮೈ ಕಾಯುತ್ತಿರುವುದು ಅರಿವಿಗೆ ಬರುವ ಹೊತ್ತಿಗೆ ಬುದ್ಧಿಯೇ ಮಂಕಾಗಿರುತ್ತದೆ. ಅಪಾಯವನ್ನು ಗುರುತಿಸಬೇಕಾದ ಮನಸ್ಸೇ ಮೊದಲು ಕೈಕೊಡುತ್ತದೆ. ಫ್ಯಾನ್ ಹಾಕಿಕೊಂಡರೆ ಸಾಲದೇ ಎಂದು ನಾವು ಕೇಳಬಹುದು. ಅಷ್ಟು ಬಿಸಿಯಾದ ಒಣ ಕೋಣೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ಮೈಗೆ ಬೀಸುತ್ತದೆ.

ಹಾಗಿದ್ದರೆ ಇವರೇಕೆ ಮಕ್ಕಳ ಮನೆಗೆ ಹೋಗಿ ಇರಬಾರದು? ಅಥವಾ ವೃದ್ಧಾಶ್ರಮಕ್ಕೆ? ಕೇಳುವುದು ಸುಲಭ. ಅಮೆರಿಕದಲ್ಲಿ ಮಾತ್ರವಲ್ಲ, ಎಲ್ಲೆಡೆಯೂ ವಯಸ್ಸಾದವರನ್ನು ಕೇಳಿ ನೋಡಿ, ಹೆಚ್ಚಿನವರ ಉತ್ತರ ಒಂದೇ: ನನ್ನ ಮನೆಯಲ್ಲೇ ಇರುತ್ತೇನೆ. ಇದನ್ನು ಹಟವೆಂದು ತಳ್ಳಿಹಾಕುವವರು ಮನೆಯೆಂದರೆ ಏನೆಂದು ಯೋಚಿಸಿರುವುದಿಲ್ಲ. ಕಣ್ಣು ಮಂಜಾದವರಿಗೆ ಸ್ವಿಚ್ಚು ಎಲ್ಲಿದೆಯೆಂದು ಕೈಗೇ ಗೊತ್ತಿರುತ್ತದೆ. ಮರೆವು ಆವರಿಸುತ್ತಿರುವವರಿಗೆ ಆ ಗೋಡೆ, ಆ ಕಪಾಟು, ಆ ಕಿಟಕಿಯ ಬೆಳಕು ನೆನಪಿನ ಕೆಲಸ ಮಾಡುತ್ತವೆ. ಸ್ವಂತ ಮನೆಯಲ್ಲಿ ಆಕೆ ಯಜಮಾನಿ. ಮಗನ ಮನೆಯಲ್ಲಿ ಅತಿಥಿ. ವೃದ್ಧಾಶ್ರಮದಲ್ಲಿ ಒಂದು ಮಂಚದ ಸಂಖ್ಯೆ. ಪ್ರಾಣ ಉಳಿಸುವ ಹೆಸರಿನಲ್ಲಿ, ಯಾವುದಕ್ಕಾಗಿ ಬದುಕಬೇಕೆನಿಸುತ್ತದೋ ಅದನ್ನೇ ಕಿತ್ತುಕೊಳ್ಳುವುದು ನ್ಯಾಯವಲ್ಲ. ಈ ವಿಷಯದಲ್ಲಿ ನಾನು ಹಿರಿಯರ ಪಕ್ಷ.

ಫೀನಿಕ್ಸ್‌ನ ಪಕ್ಕದಲ್ಲಿ 1960ರ ಜನವರಿ 1ರಂದು ಸನ್ ಸಿಟಿ ಎಂಬ ಮೊದಲ ಊರು ತೆರೆದಾಗ ಅದನ್ನು ನೋಡಲು ಜನಸಾಗರವೇ ಹರಿದುಬಂದಿತ್ತು. ಐವತ್ತೈದು ದಾಟಿದವರ ಊರು. ಮಕ್ಕಳನ್ನು ಸಾಕುತ್ತಾ ಅಲ್ಲಿ ಸಂಸಾರ ಹೂಡುವಂತಿಲ್ಲ. ನಮಗೆ ಇದು ಕ್ರೂರವಾಗಿ ಕಾಣುತ್ತದೆ. ಆದರೆ ಅಲ್ಲಿಗೆ ಹೋದವರು ಯಾರ ಮೇಲೂ ಭಾರವಾಗದೆ ಬದುಕುವ ಕನಸಿನಿಂದಲೇ ಹೋದವರು. ಆ ಕನಸನ್ನು ಗೇಲಿ ಮಾಡಲು ನನಗೆ ಮನಸ್ಸಿಲ್ಲ. ಐವತ್ತೈದಕ್ಕೆ ಕಂಡ ಕನಸು ಎಂಬತ್ತೈದಕ್ಕೆ ಸಾಕಾಗುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಈ ಪ್ರಶ್ನೆ ನನಗೆ ಅಮೆರಿಕದ ಸುದ್ದಿಯಾಗಿ ಉಳಿಯದೆ ಮನೆಬಾಗಿಲಿಗೆ ಬಂದದ್ದು ಹೀಗೆ. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದಾರೆ. ಹೆಂಡತಿ ತೀರಿಕೊಂಡಿದ್ದಾರೆ, ಇಬ್ಬರು ಗಂಡುಮಕ್ಕಳೂ ಗಲ್ಫ್‌ನಲ್ಲಿ. ಒಂದು ಏಪ್ರಿಲ್‌ನಲ್ಲಿ ಅವರ ಬಾಗಿಲ ಮುಂದೆ ಮೂರು ದಿನದ ಪೇಪರು ಹಾಗೇ ಬಿದ್ದಿತ್ತು. ಮೆಟ್ಟಿಲಿಳಿಯುವಾಗ ನಾನೂ ನೋಡಿದ್ದೆ, ಉಳಿದವರೂ ನೋಡಿದ್ದರು. ಮೂರನೆಯ ದಿನ ಹಾಲಿನ ಹುಡುಗ ಬಾಗಿಲು ಬಡಿದು ಗದ್ದಲ ಮಾಡಿದ. ಒಳಗೆ ಮಾಸ್ತರರು ಜ್ವರದಿಂದ ಎದ್ದು ಕೂರಲಾಗದೆ ಮಲಗಿದ್ದರು. ಪುಣ್ಯಕ್ಕೆ ಉಳಿದರು. ಆಮೇಲೆ ನಾನು, "ಒಂದು ಫೋನು ಮಾಡಬಾರದಿತ್ತೇ ಸರ್?" ಎಂದು ಕೇಳಿದೆ. "ನಿಮಗೆಲ್ಲ ಯಾಕೆ ತೊಂದರೆ ಕೊಡುವುದು ಎಂದು ಸುಮ್ಮನಿದ್ದೆ ಮಾರಾಯ್ರೆ" ಎಂದರು. ನಾನು ಮೂರು ದಿನ ಅವರ ಬಾಗಿಲು ತಟ್ಟದೇ ಇದ್ದದ್ದೂ ಇದೇ ಕಾರಣಕ್ಕೆ. ಮಲಗಿರಬಹುದು, ಯಾಕೆ ತೊಂದರೆ ಕೊಡುವುದು ಎಂದು. ಬಾಗಿಲಿನ ಎರಡೂ ಕಡೆ ಒಂದೇ ಮಾತು, ಒಂದೇ ಸಭ್ಯತೆ.

ಅಂದಿನಿಂದ ಫೀನಿಕ್ಸ್‌ನ ಸುದ್ದಿ ಓದಿದಾಗಲೆಲ್ಲ ಆ ಬಾಗಿಲೇ ಕಣ್ಣಮುಂದೆ ಬರುತ್ತದೆ. ಒಬ್ಬರ ಸ್ವಾತಂತ್ರ್ಯವನ್ನು ಗೌರವಿಸುವುದು ಮತ್ತು ಅವರನ್ನು ಅವರ ಪಾಡಿಗೆ ಬಿಟ್ಟುಬಿಡುವುದು ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಬಾಗಿಲು ಮುಚ್ಚಿರುತ್ತದೆ, ಎರಡರಲ್ಲೂ ನಾವು ಸುಮ್ಮನೆ ಮುಂದೆ ಹೋಗುತ್ತೇವೆ. ಗೌರವವೋ ಉದಾಸೀನವೋ ಎಂದು ನಮ್ಮ ಮನಸ್ಸನ್ನೇ ಕೇಳಿದರೆ ಅದು ಯಾವಾಗಲೂ ಗೌರವವೆಂದೇ ಹೇಳುತ್ತದೆ.

ಬಾಗಿಲು ಮುಚ್ಚಿಕೊಂಡದ್ದರಲ್ಲಿ ಮನುಷ್ಯರ ಸ್ವಭಾವಕ್ಕಿಂತ ಊರು ಕಟ್ಟಿದ ರೀತಿಯ ಪಾಲೇ ಹೆಚ್ಚೇನೋ. ಎ.ಸಿ. ಬರುವ ಮೊದಲು ಫೀನಿಕ್ಸ್‌ನ ಜನ ಬೇಸಗೆಯ ರಾತ್ರಿ ಮನೆಯ ಹೊರಜಗಲಿಯಲ್ಲಿ, ಒದ್ದೆ ಹೊದಿಕೆ ಹೊದ್ದು ಮಲಗುತ್ತಿದ್ದರು. ಯಾರು ಕೆಮ್ಮಿದರು, ಯಾರು ಏಳಲಿಲ್ಲ ಎಂಬುದು ಅಕ್ಕಪಕ್ಕದವರಿಗೆ ತಿಳಿಯುತ್ತಿತ್ತು. ಯಂತ್ರ ಬಂದು ಜೀವ ಉಳಿಸಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಎಲ್ಲರನ್ನೂ ಒಳಗೆ ಸೇರಿಸಿತು. ಈಗಿನ ಬಡಾವಣೆಗಳಲ್ಲಿ ಮನೆಯ ಮುಖವೆಂದರೆ ಗ್ಯಾರೇಜಿನ ಬಾಗಿಲು. ಕಾರು ಬರುತ್ತದೆ, ಬಾಗಿಲು ತಾನೇ ಮೇಲೇಳುತ್ತದೆ, ಕಾರು ಒಳಗೆ ಹೋಗುತ್ತದೆ, ಬಾಗಿಲು ಇಳಿಯುತ್ತದೆ. ಹಿತ್ತಿಲಿಗೆ ಎತ್ತರದ ಗೋಡೆ. ಜುಲೈನ ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಕಾಣದು, ಡಾಂಬರು ಅದರ ಕಾಲು ಸುಡುತ್ತದೆ. ನಡೆಯುವಾಗ ಜಾರಿಬಿದ್ದ ಮುದುಕರು ಏಳಲಾಗದೆ ಅದೇ ನೆಲದಲ್ಲಿ ಚರ್ಮ ಸುಟ್ಟುಕೊಂಡು ಆಸ್ಪತ್ರೆ ಸೇರುವುದುಂಟು.

1995ರ ಜುಲೈನಲ್ಲಿ ಶಿಕಾಗೋದಲ್ಲಿ ಬಿಸಿಗಾಳಿ ಬೀಸಿದಾಗ ಮಾಮೂಲಿಗಿಂತ 739 ಮಂದಿ ಹೆಚ್ಚು ಸತ್ತರು. ಅದು ಮರುಭೂಮಿಯಲ್ಲ, ಆದರೂ ಇಲ್ಲಿ ನೆನೆಯಲು ಕಾರಣವಿದೆ. ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನನ್‌ಬರ್ಗ್ 2002ರಲ್ಲಿ ಪ್ರಕಟಿಸಿದ 'ಹೀಟ್ ವೇವ್' ಎಂಬ ಪುಸ್ತಕದಲ್ಲಿ ಅಲ್ಲಿನ ಅಕ್ಕಪಕ್ಕದ ಎರಡು ಬಡ ವಾರ್ಡುಗಳನ್ನು ಹೋಲಿಸಿದರು. ಒಂಟಿ ವೃದ್ಧರು ಎರಡರಲ್ಲೂ ಇದ್ದರು, ಬಿಸಿಲೂ ಒಂದೇ. ನಾರ್ತ್ ಲಾನ್‌ಡೇಲ್‌ನಲ್ಲಿ ಲಕ್ಷಕ್ಕೆ 40 ಮಂದಿ ಸತ್ತರೆ, ರಸ್ತೆಯಾಚೆಯ ಸೌತ್ ಲಾನ್‌ಡೇಲ್‌ನಲ್ಲಿ ಕೇವಲ 4. ಮೊದಲನೆಯದರಲ್ಲಿ ಕಾರ್ಖಾನೆಗಳು ಮುಚ್ಚಿ, ಅಂಗಡಿಗಳು ಖಾಲಿಯಾಗಿ, ಹೊರಬರಲು ಹೆದರಿ ಹಿರಿಯರು ಒಳಗೇ ಉಳಿದಿದ್ದರು. ಎರಡನೆಯದು ಮೆಕ್ಸಿಕೋ ಮೂಲದವರ ಗಿಜಿಗುಟ್ಟುವ ಬೀದಿ. ಬ್ರೆಡ್ಡಿನ ಅಂಗಡಿಗೆಂದೋ ತರಕಾರಿಗೆಂದೋ ಹೊರಗೆ ಬರಲು ಮುದುಕರಿಗೆ ಒಂದು ನೆಪವಿತ್ತು. ಅಲ್ಲಿನವರು ಹೆಚ್ಚು ದಯಾಳುಗಳೆಂದಲ್ಲ. ಬಾರದೇ ಇದ್ದವರ ಗೈರುಹಾಜರಿ ಕಣ್ಣಿಗೆ ಬೀಳುವಂಥ ಬೀದಿ ಅವರದಾಗಿತ್ತು.

ಬೀದಿಯೇ ಸತ್ತಿರುವಲ್ಲಿ ಯಾರ ಕಣ್ಣಿಗೆ ಬೀಳಬೇಕು? ಅಮೆರಿಕದಲ್ಲಿ ಅಂಚೆಯವರು ಈ ಕೆಲಸ ಮಾಡುವ ಒಂದು ಏರ್ಪಾಟಿದೆ. ಹೆಸರು ನೋಂದಾಯಿಸಿದ ವೃದ್ಧರ ಪೆಟ್ಟಿಗೆಯಲ್ಲಿ ಕಾಗದಗಳು ತೆಗೆಯದೆ ರಾಶಿಯಾದರೆ ಅಂಚೆಯವನು ಸುದ್ದಿ ಮುಟ್ಟಿಸುತ್ತಾನೆ. ಮನೆಮನೆಗೆ ಊಟ ತಲುಪಿಸುವ ಸ್ವಯಂಸೇವಕರೂ ಇದ್ದಾರೆ. ಅವರು ಕೊಡುವ ಡಬ್ಬಿಗಿಂತ, ಬಾಗಿಲು ತೆರೆದಾಗ ಒಳಗಿನಿಂದ ಬರುವ ಗಾಳಿ ತಣ್ಣಗಿದೆಯೋ ಬಿಸಿಯಿದೆಯೋ ಎಂದು ಗಮನಿಸುವುದೇ ಹೆಚ್ಚಿನ ಸೇವೆಯೆನ್ನಬಹುದು. ಇನ್ನೊಂದು ಮಾದರಿ ನನಗೆ ಹೆಚ್ಚು ಹಿಡಿಸಿತು. ಬೋಸ್ಟನ್‌ನಲ್ಲಿ 2002ರಲ್ಲಿ ಬೀಕನ್ ಹಿಲ್ ವಿಲೇಜ್ ಎಂಬ ಸಂಘ ಶುರುವಾಯಿತು. ವಯಸ್ಸಾದ ನೆರೆಹೊರೆಯವರು ತಾವೇ ಕೂಡಿ, ತಾವೇ ಚಂದಾ ಕಟ್ಟಿ ನಡೆಸುವ ಸಂಘ. ನಲ್ಲಿ ರಿಪೇರಿ, ಆಸ್ಪತ್ರೆಗೆ ಹೋಗಲು ಜೊತೆ, ಒಂದು ಫೋನು ಕರೆ ಎಲ್ಲ ಅದರ ಮೂಲಕ ಆಗುತ್ತದೆ. ಅದನ್ನು ನೋಡಿ ಅಮೆರಿಕದ ಬೇರೆ ಕಡೆಗಳಲ್ಲೂ ಇಂಥ ಸಂಘಗಳು ಹುಟ್ಟಿಕೊಂಡವು. ಇದರ ಗುಟ್ಟು ನನಗೆ ಕಂಡದ್ದು ಇಷ್ಟು: ಅಲ್ಲಿ ಯಾರೂ ಬರೀ ಪಡೆಯುವವರಲ್ಲ. ಕಾಲು ನೋವಿನವರು ಮನೆಯಲ್ಲೇ ಕೂತು ಹತ್ತು ಮಂದಿಗೆ ಫೋನು ಮಾಡಿ ವಿಚಾರಿಸುತ್ತಾರೆ. ಕೈಚಾಚುವುದು ಹಿರಿಯರಿಗೆ ಕಷ್ಟ. ಕೊಡುತ್ತಾ ತೆಗೆದುಕೊಳ್ಳುವುದು ಅಷ್ಟು ಕಷ್ಟವಲ್ಲ.

ಆದರೆ ನೆರೆಹೊರೆಯ ಪ್ರೀತಿಯನ್ನು ಹೊಗಳುತ್ತಾ ಸರಕಾರ ಕೈತೊಳೆದುಕೊಳ್ಳುವ ಅಪಾಯವೂ ಇದೆ. ಬಾಗಿಲು ತಟ್ಟಿದರೆ ಎ.ಸಿ. ರಿಪೇರಿಯಾಗುವುದಿಲ್ಲ. ಫೀನಿಕ್ಸ್ ನಗರ 2021ರಲ್ಲಿ ಸೆಕೆಯನ್ನು ಎದುರಿಸಲೆಂದೇ ಒಂದು ಕಚೇರಿ ತೆರೆಯಿತು. ಗ್ರಂಥಾಲಯಗಳಂಥ ಕಡೆ ತಂಪು ಕೇಂದ್ರಗಳಿವೆ. ಆದರೆ ಕಾರು ಓಡಿಸಲಾಗದ ಎಂಬತ್ತರ ಅಜ್ಜಿ ಅಲ್ಲಿಗೆ ಹೋಗಲು ನೆರಳಿಲ್ಲದ ಬಸ್ ನಿಲ್ದಾಣದಲ್ಲಿ ಕಾಯಬೇಕು! ಬಡ ವೃದ್ಧರು ಬಹಳ ಮಂದಿ ವಾಸಿಸುವುದು ತಗಡಿನ ಪೆಟ್ಟಿಗೆಯಂಥ ಮೊಬೈಲ್ ಹೋಮ್‌ಗಳಲ್ಲಿ. ಮನೆ ಅವರದು, ಅಡಿಯ ಜಾಗ ಇನ್ನೊಬ್ಬರದು. ಅಂದ ಕೆಡುತ್ತದೆಂದು ಕಿಟಕಿಗೆ ಎ.ಸಿ. ಕೂರಿಸಲು ಬಿಡದ ಜಾಗದ ಮಾಲಿಕರಿದ್ದರು. 2024ರಲ್ಲಿ ಅರಿಝೋನಾ ಕಾನೂನು ಮಾಡಿ ಆ ತಡೆಯನ್ನು ತೆಗೆಯಿತು. ಒಂದು ಕಿಟಕಿಗಾಗಿ ಕಾನೂನು ಬೇಕಾಯಿತೆಂದರೆ ಮಾಲಿಕತ್ವದ ಮುಂದೆ ಪ್ರಾಣದ ಬೆಲೆ ಎಷ್ಟಿತ್ತೆಂದು ಊಹಿಸಿ. ಬಾಕಿ ಬಿಲ್ಲು, ಮರದ ನೆರಳು, ಕಿಟಕಿಯ ಯಂತ್ರ ಇವೆಲ್ಲ ಹಕ್ಕಿನ ಪ್ರಶ್ನೆಗಳು. ಇವನ್ನು ಪಕ್ಕದ ಮನೆಯವರ ಒಳ್ಳೆಯತನಕ್ಕೆ ಬಿಡಬಾರದು. ಕಾನೂನಿನಿಂದ ಆಗದ ಒಂದೇ ಕೆಲಸ, ಎ.ಸಿ. ನಿಂತ ದಿನವೇ ಅದು ನಿಂತಿದೆಯೆಂದು ತಿಳಿಯುವುದು. ಅದು ಹತ್ತಿರದವರಿಂದ ಮಾತ್ರ ಆದೀತು.

ಹತ್ತಿರದವರಾಗುವುದು ಹೇಗೆ? ಹೆಸರೇ ಗೊತ್ತಿಲ್ಲದವನು ಜುಲೈನ ಉರಿಯಲ್ಲಿ ಏಕಾಏಕಿ ಬಾಗಿಲು ತಟ್ಟಿದರೆ ಒಂಟಿ ವೃದ್ಧೆ ಬಾಗಿಲು ತೆರೆಯುವುದಿಲ್ಲ, ತೆರೆಯಲೂ ಬಾರದು. ಆ ಹಕ್ಕನ್ನು ಮೊದಲೇ ಸಂಪಾದಿಸಿಕೊಂಡಿರಬೇಕು. ಫೀನಿಕ್ಸ್‌ನಲ್ಲಿ ಅದಕ್ಕೊಂದು ಕಾಲವಿದೆ. ಅಕ್ಟೋಬರ್ ಕಳೆದರೆ ಅಲ್ಲಿನ ಹವೆ ಹಿತವಾಗುತ್ತದೆ, ಜನ ಕುರ್ಚಿ ಹಾಕಿಕೊಂಡು ಹೊರಗೆ ಕೂರುತ್ತಾರೆ, ಮುದುಕರು ಸಂಜೆ ಕೋಲು ಹಿಡಿದು ಬೀದಿಗೆ ಬರುತ್ತಾರೆ. ಹೆಸರು ಕೇಳುವುದು, ಎ.ಸಿ. ಕೊನೆಯ ಸಲ ಯಾವಾಗ ಸರ್ವಿಸ್ ಆಯಿತೆಂದು ವಿಚಾರಿಸುವುದು, ಮಗಳ ಫೋನ್ ನಂಬರು ಬರೆದುಕೊಳ್ಳುವುದು, ಇನ್ನೊಂದು ಬೀಗದ ಕೈ ಯಾರ ಬಳಿ ಇರಲಿ ಎಂದು ಮಾತಾಡಿಕೊಳ್ಳುವುದು ಎಲ್ಲ ಆಗಬೇಕಾದ್ದು ಆಗಲೇ.

ನಮ್ಮ ಮಾಸ್ತರರು ಈಗ ಸಂಜೆ ಐದಕ್ಕೆ ನನ್ನ ಮಗಳಿಗೆ ಲೆಕ್ಕ ಹೇಳಿಕೊಡುತ್ತಾರೆ. ಅವಳು ಒಂದು ದಿನ ಹೋಗದಿದ್ದರೆ ಅವರೇ ಫೋನು ಮಾಡಿ, ಯಾಕೆ ಬರಲಿಲ್ಲ, ಮೈ ಸರಿಯಿಲ್ಲವೇ ಎಂದು ಕೇಳುತ್ತಾರೆ. ಬೀಗದ ಕೈ ಕೊಡಲು ಮಾತ್ರ ಇನ್ನೂ ಒಪ್ಪಿಲ್ಲ. "ನೋಡುವ" ಎನ್ನುತ್ತಾರೆ.