ಮೊಬೈಲ್ ಕಳೆದಾಗ ಸಂಶಯ ಯಾರ ಮೇಲೆ?



ಬಂಧುಗಳೇ, *ಇಂದಿನ ಚಿಂತನೆ*

ಕೆಲವು ವರ್ಷಗಳ ಹಿಂದಿನ ಮಾತು. ನಾನಿದ್ದ ಶಾಲೆಯ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರ ಮೊಬೈಲ್ ಕಾಣೆಯಾಯಿತು. ಯಾರೂ ಯಾರ ಹೆಸರನ್ನೂ ಹೇಳಲಿಲ್ಲ. ಆದರೆ ಹತ್ತು ನಿಮಿಷದೊಳಗೆ ಕಾಲನಿಯಿಂದ ಬರುವ ಇಬ್ಬರು ಹುಡುಗರ ಚೀಲಗಳನ್ನು ಮಾತ್ರ ಬಿಚ್ಚಿ ನೋಡಲಾಯಿತು. ನಾನೂ ಅಲ್ಲೇ ನಿಂತಿದ್ದೆ, ಬೇಡ ಎನ್ನಲಿಲ್ಲ. ಸಂಜೆ ಮೊಬೈಲ್ ಅವರ ಕಾರಿನ ಸೀಟಿನಡಿಯಲ್ಲೇ ಸಿಕ್ಕಿತು. ಹುಡುಗರಲ್ಲಿ ಯಾರೂ ಕ್ಷಮೆ ಕೇಳಲಿಲ್ಲ. ಮರುದಿನದಿಂದ ಒಬ್ಬ ಕೊನೆಯ ಬೆಂಚಿಗೆ ಹೋಗಿ ಕೂತ.

ಪಂಚಶೀಲದ ಎರಡನೆಯ ಶೀಲ ಅದಿನ್ನಾದಾನದಿಂದ ದೂರವಿರುವುದು, ಅಂದರೆ ಕೊಡದೇ ಇದ್ದುದನ್ನು ತೆಗೆದುಕೊಳ್ಳದಿರುವುದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲೂ ಕಳವು ಮಾಡುವುದಿಲ್ಲ ಎಂಬುದಿದೆ. ಮೊಬೈಲ್ ಕದ್ದವನು ಈ ಶೀಲವನ್ನು ಮುರಿಯುತ್ತಾನೆ, ಸರಿ. ಸಾಕ್ಷಿಯಿಲ್ಲದೆ ಒಬ್ಬ ಹುಡುಗನ ಮಾನ ತೆಗೆದುಕೊಂಡ ನಾವು? ಅದನ್ನೂ ಅವನು ಕೊಟ್ಟಿರಲಿಲ್ಲವಲ್ಲ.

1871ರಲ್ಲಿ ಬ್ರಿಟಿಷರು ಕಾನೂನು ಮಾಡಿ ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಕರೆದರು. ಸ್ವಾತಂತ್ರ್ಯದ ನಂತರ ಆ ಕಾನೂನು ಹೋಯಿತು, ಆ ಬುದ್ಧಿ ಹೋಗಲಿಲ್ಲ. ಇಂದು ನಮ್ಮಲ್ಲೂ ಕೆಲವರು ಹೊರರಾಜ್ಯದ ಕೂಲಿಯವರನ್ನು ಹಾಗೇ ನೋಡುತ್ತೇವೆ. ಕೇಳಿದ ಮಾತನ್ನು ಕೇಳಿದೆವೆಂಬ ಕಾರಣಕ್ಕೇ ನಂಬಬೇಡಿ ಎಂದು ಬುದ್ಧರು ಕಾಲಾಮರಿಗೆ ತಿಳಿಸಿದ್ದು ಇಂಥ ಹೊತ್ತಿಗೂ ಅನ್ವಯಿಸುತ್ತದೆ.

ಹಾಗಾದರೆ ಮೊಬೈಲ್ ಹೋದರೆ ಸುಮ್ಮನಿರಬೇಕೇ? ಇಲ್ಲ. ಸಾಕ್ಷಿಯ ದಾರಿಯಲ್ಲಿ ಹುಡುಕಬೇಕು.

🔹 ಪ್ರತಿ ಮೊಬೈಲಿಗೂ 15 ಅಂಕಿಗಳ ಐಎಂಇಐ ಸಂಖ್ಯೆ ಇದೆ. *#06# ಒತ್ತಿ ನೋಡಿ, ಇಂದೇ ಡೈರಿಯಲ್ಲಿ ಬರೆದಿಡಿ.

🔹 ಬಿ.ಸಿ. ರೋಡಿನ ಬಸ್ಸಿನಲ್ಲೋ, ಬೆಳ್ತಂಗಡಿಯ ಸಂತೆಯಲ್ಲೋ, ಮೂಡುಬಿದಿರೆಯ ಕಂಬಳದ ಜನಜಂಗುಳಿಯಲ್ಲೋ ಮೊಬೈಲ್ ಹೋದರೆ ಮೊದಲು ಸಿಮ್ ಬ್ಲಾಕ್ ಮಾಡಿಸಿ, ಬ್ಯಾಂಕಿಗೆ ತಿಳಿಸಿ ಯುಪಿಐ ನಿಲ್ಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

🔹 ಠಾಣೆಯಲ್ಲಿ ದೂರು ಕೊಟ್ಟು, ಅದೇ ನಂಬರಿನ ಹೊಸ ಸಿಮ್ ಪಡೆದು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದ ಸಿಇಐಆರ್ ವಿಭಾಗದಲ್ಲಿ ಐಎಂಇಐ ಬ್ಲಾಕ್ ಮಾಡಿಸಿ. ಆಮೇಲೆ ಯಾರಾದರೂ ಅದಕ್ಕೆ ಬೇರೆ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಸಿಗುತ್ತದೆ. ಈ ಹುಡುಕಾಟ ಸಂಖ್ಯೆ ಹಿಡಿದು ನಡೆಯುತ್ತದೆ, ಕೇರಿಯ ಹೆಸರು ಹಿಡಿದಲ್ಲ.

🔹 ಅಗ್ಗಕ್ಕೆ ಸಿಕ್ಕಿತೆಂದು ಬಿಲ್ಲಿಲ್ಲದ ಹಳೆಯ ಮೊಬೈಲ್ ಕೊಳ್ಳಬೇಡಿ. ಅದು ಕದ್ದ ಮಾಲಾಗಿದ್ದರೆ ಪೊಲೀಸರು ಬರುವುದು ನಮ್ಮ ಬಾಗಿಲಿಗೆ. ಸಂಚಾರ್ ಸಾಥಿಯಲ್ಲೇ ಐಎಂಇಐ ಹಾಕಿ ಪರೀಕ್ಷಿಸಿ ಕೊಳ್ಳಿ. ಕದ್ದದ್ದೆಂದು ಗೊತ್ತಿದ್ದೂ ಕೊಂಡವನು ಶೀಲ ಉಳಿಸಿಕೊಂಡೆ ಎನ್ನಲಾರ.

ಮೊಬೈಲಿಗೆ ಲಾಕ್, ಸಿಮ್‌ಗೆ ಪಿನ್ ಹಾಕುವುದು ವಸ್ತುವಿನ ಮೇಲಿನ ಮೋಹವಲ್ಲ. ಅದರೊಳಗೆ ನಮ್ಮ ಬಂಧುಗಳ ನಂಬರು, ಮಕ್ಕಳ ಫೋಟೋ, ಸಂಘದ ಲೆಕ್ಕ ಇವೆ. ಅವರೆಲ್ಲರ ಪರವಾಗಿ ನಾವು ಎಚ್ಚರವಿರಬೇಕು. ಧಮ್ಮದಲ್ಲಿ ಆ ಎಚ್ಚರಕ್ಕೆ ಅಪ್ಪಮಾದ ಎನ್ನುತ್ತಾರೆ. ನಮ್ಮ ಅಜಾಗ್ರತೆಗೆ ಬೇರೆಯವರ ಮಗುವಿನ ಚೀಲ ಬಿಚ್ಚುವಂತಾಗಬಾರದು.

ಆ ಹುಡುಗ ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಸಿಕ್ಕರೆ ನಾನು ಅಂದು ಆಡದ ಮಾತನ್ನು ಆಡಬೇಕಿದೆ. ಇಂದು ನೀವು ಇಂಥ ಜಾಗದಲ್ಲಿ ನಿಂತಿದ್ದರೆ, "ಮೊದಲು ಸಾಕ್ಷಿ ತನ್ನಿ" ಎಂದು ಒಂದು ಮಾತು ಹೇಳಿ.

ಭವತು ಸಬ್ಬ ಮಂಗಲಂ 🙏