ಮುಚ್ಚಿಟ್ಟ ಕಷ್ಟ

ಸಂಸಾರವೆಂದ ಮೇಲೆ ಸಂಕಟ ತಪ್ಪಿದ್ದಲ್ಲ. ಮಳೆ ಬಾರದಿರಬಹುದು, ಬಂದ ಬೆಳೆಗೆ ಬೆಲೆ ಸಿಗದಿರಬಹುದು, ರೋಗವೋ ಮರಣವೋ ಹೇಳದೆ ಕೇಳದೆ ಬಂದು ಹೊಸ್ತಿಲಲ್ಲಿ ನಿಲ್ಲಬಹುದು. ಆದರೆ ಒಂದೇ ಊರಿನಲ್ಲಿ, ಒಂದೇ ಬರಗಾಲದಲ್ಲಿ, ಒಂದು ಮನೆ ಮುರಿದುಬೀಳುವುದೂ ನೆರೆಯ ಮನೆ ಬಡವಾಗಿಯೂ ನೆಟ್ಟಗೆ ನಿಲ್ಲುವುದೂ ಏತರಿಂದ? ಈ ಪ್ರಶ್ನೆಯೊಳಗೇ ಇನ್ನೊಂದು ಧರ್ಮಸೂಕ್ಷ್ಮವೂ ಅಡಗಿದೆ: ಯಜಮಾನನು ತನ್ನ ಕಷ್ಟವನ್ನು ಮನೆಯವರಿಂದ ಮುಚ್ಚಿಡುವುದು ಸರಿಯೇ?

ಅಮೆರಿಕದ ಸಮಾಜಶಾಸ್ತ್ರಜ್ಞ ರೂಬೆನ್ ಹಿಲ್ ಎಂಬುವರು, ಎರಡನೆಯ ಮಹಾಯುದ್ಧದ ನಿಮಿತ್ತ ಯಜಮಾನನನ್ನು ಅಗಲಿ ಮತ್ತೆ ಕೂಡಿಕೊಂಡ ಕುಟುಂಬಗಳನ್ನು ಪರಿಶೀಲಿಸಿ 1949ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಒದಗಿದ ಆಘಾತವೊಂದೇ ಮನೆಯನ್ನು ಕೆಡಿಸುವುದಿಲ್ಲ. ಅದನ್ನು ಎದುರಿಸಲು ಆ ಮನೆಗಿರುವ ಬಲವೇನು, ಆ ಆಘಾತವನ್ನು ಮನೆಯವರು ಏನೆಂದು ಭಾವಿಸುತ್ತಾರೆ ಎಂಬ ಎರಡು ಸಂಗತಿಗಳೂ ಅದರೊಡನೆ ಕೂಡುತ್ತವೆ ಎಂಬುದು ಅವರ ವಿಚಾರದ ಸಾರ. ಹಾಗಾದರೆ ಕಷ್ಟವನ್ನು ಮುಚ್ಚಿಟ್ಟವನು ಮಾಡುವುದೇನು? ಮನೆಯವರು ತಮ್ಮ ಬಲವನ್ನು ಕೂಡಿಸದಂತೆಯೂ, ಒಟ್ಟಾಗಿ ಕುಳಿತು ಅದರ ಅರ್ಥವನ್ನು ತಿಳಿಯದಂತೆಯೂ ತಡೆಯುತ್ತಾನೆ. ಆಘಾತ ಮಾತ್ರ ಉಳಿಯುತ್ತದೆ.

ಇದನ್ನು ನಾನು ಗ್ರಂಥದಿಂದ ಕಲಿತದ್ದಕ್ಕಿಂತ ಮುಂಚೆ ಮನೆಯಲ್ಲಿಯೇ ಕಂಡಿದ್ದೆ. ನಮ್ಮ ತೀರ್ಥರೂಪರು ಎರೆಹೊಲವನ್ನು ಒತ್ತೆಯಿಟ್ಟು ಬಾವಿ ತೋಡಿಸಿದರು, ನೀರು ಬೀಳಲಿಲ್ಲ. ಬಾವಿ ಬತ್ತಿದ್ದನ್ನು ಊರೆಲ್ಲ ಕಂಡಿತು, ಒತ್ತೆಯ ಸಂಗತಿಯನ್ನು ಅವ್ವನೂ ಅರಿಯಳು. ಅರಿಯದ ಕಾರಣವೇ ಅಕ್ಕನ ಮದುವೆ ಸಂಭ್ರಮದಿಂದ ಆಗಬೇಕೆಂದು ಅವಳು ಹಟ ಹಿಡಿದಳು. ಇಲ್ಲವೆನ್ನಲಾರದೆ ಅಪ್ಪ ಮತ್ತೆ ಸಾಲ ಮಾಡಿದರು. 1987ರ ಬರದಲ್ಲಿ ಸಾಲಿಗರು ಬಾಗಿಲಿಗೆ ಬಂದಾಗ ಎಲ್ಲವೂ ಬಯಲಾಯಿತು. ಅವ್ವ ಹೊಲಕ್ಕಾಗಿ ಅಳಲಿಲ್ಲ. "ಹೊಲ ಹೋದರೆ ಹೋಗಲಿ, ದುಡಿದು ಉಣ್ಣೋಣ. ಮೂರು ವರ್ಷ ಈ ಮನೆಯಲ್ಲಿ ನಾನು ಹೊರಗಿನವಳಾಗಿ ಉಂಡೆನಲ್ಲ!" ಎಂದಳು. ತಂದೆಯವರು ತಲೆಯೆತ್ತಲಿಲ್ಲ.

ಪ್ರೀತಿಯಿಂದಲೇ ಮುಚ್ಚಿಟ್ಟರಲ್ಲವೆ, ಹೆಂಡಿರು ಮಕ್ಕಳು ನೋಯಬಾರದೆಂಬ ಭಾವ ತಪ್ಪೇ, ಎಂದು ಕೆಲವರು ಕೇಳಬಹುದು. ಭಾವ ತಪ್ಪಲ್ಲ. ಆದರೆ 'ನಾನೊಬ್ಬನೇ ಹೊರುತ್ತೇನೆ' ಎಂಬಲ್ಲಿ ಪ್ರೀತಿಯ ವೇಷ ಧರಿಸಿ ಅಹಂಕಾರವೂ ಕುಳಿತಿರುತ್ತದೆ. ಊರವರ ಮುಂದೆ ಮರ್ಯಾದೆ ಹೋದೀತೆಂಬ ಅಂಜಿಕೆ ಅದಕ್ಕೆ ಜೊತೆಗಾರ. ಯಜಮಾನನು ಜೀವಕ್ಕೆ ಎರವಾದ ಮೇಲೆಯೇ ಸಾಲದ ಲೆಕ್ಕ ಮನೆಯವರಿಗೆ ತಿಳಿದ ದುರ್ದೈವವನ್ನು ನಮ್ಮ ಹಳ್ಳಿಗಳು ಕಂಡಿವೆ. ಸಾಲ ತೀರಿಸಬಹುದಾಗಿತ್ತು, ಹೋದ ಜೀವ ತಿರುಗಿ ಬಾರದು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ಅರಿಯದ ಭಕ್ತರಿಲ್ಲ. ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದು ತಮಗೆ ಸಲ್ಲದೆಂದು ಲಕ್ಕಮ್ಮನವರು ಹಿಂದಿರುಗಿಸಿದರು. ಇಲ್ಲಿ ಆ ತಾಯಿಯ ನಿರಾಸೆಯನ್ನು ನಾವು ಕೊಂಡಾಡುತ್ತೇವೆ, ಅದು ಯುಕ್ತವೇ. ಆದರೆ ಹೆಚ್ಚಾದುದು ಆಕೆಗೆ ತಿಳಿದದ್ದಾದರೂ ಹೇಗೆ? ನಿತ್ಯದ ಅಳತೆ ಆಕೆಗೆ ಗೊತ್ತಿತ್ತು. ಬಂದುದೆಷ್ಟು, ಬೇಕಾದುದೆಷ್ಟು ಎಂಬುದು ಇಬ್ಬರಿಗೂ ಬಯಲಾಗಿದ್ದ ಮನೆಯದು. ಹೆಚ್ಚಾದರೆ ತಿಳಿಯುವ ಮನೆಯಲ್ಲಿ ಕಡಿಮೆಯಾದರೂ ತಿಳಿಯುತ್ತದೆ. ಅಂಥ ಮನೆಗೆ ಬಡತನ ಬರಬಹುದು, ದಿಗ್ಭ್ರಮೆ ಬಾರದು.

ಗಳಿಸಿದ್ದನ್ನು ಹಂಚಿ ಉಣ್ಣುವುದನ್ನು ನಾವು ದಾಸೋಹವೆನ್ನುತ್ತೇವೆ. 'ನಾನು' ಎಂಬುದು ಕರಗುವುದೇ ಅದರ ತಿರುಳಾದರೆ, ಭಾರವನ್ನು ಹಂಚಿ ಹೊರುವುದೂ ದಾಸೋಹವೇ ಸರಿ. ಅನ್ನ ನೀಡುವಾಗ ಬಾಗುವ ನಾವು, ನೋವು ಹೇಳಿಕೊಳ್ಳುವಾಗ ಏಕೆ ಸೆಟೆದು ನಿಲ್ಲಬೇಕು?

ಇಷ್ಟು ಬರೆಯುವ ನಾನೂ ನಿರ್ದೋಷಿಯಲ್ಲ. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಬೆಂಗಳೂರಿನಲ್ಲಿದ್ದ ನನ್ನ ಮಗನ ಕೆಲಸ ಹೋಯಿತು. ನಾಲ್ಕು ತಿಂಗಳು ಅವನು ನಮಗೆ ತಿಳಿಸಲಿಲ್ಲ. ಏಕೆ ಹೇಳಲಿಲ್ಲವೆಂದು ಗದರಿದೆ. "ಅಪ್ಪಾ, ನಮ್ಮ ಮನೆಯಲ್ಲಿ ಯಾರು ಯಾವಾಗ ಹೇಳಿದ್ದಾರೆ?" ಎಂದನು. ನಾನು ನಿರುತ್ತರನಾದೆ. ಹೊಲ ಕೈಬಿಟ್ಟು ಹೋಗಿತ್ತು, ತಂದೆಯವರ ಮೌನ ಮಾತ್ರ ಪಿತ್ರಾರ್ಜಿತವಾಗಿ ಉಳಿದಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಪದ್ಧತಿಯನ್ನು ಇಟ್ಟುಕೊಂಡಿದ್ದೇವೆ. ಸೋಮವಾರ ಲಿಂಗಪೂಜೆ ಮುಗಿದು ಪ್ರಸಾದವಾದ ಮೇಲೆ ಎಲ್ಲರೂ ಕೂಡಿ ಕುಳಿತು ಬಂದುದೆಷ್ಟು, ಕೊಡಬೇಕಾದುದೆಷ್ಟು, ಯಾರ ಮನಸ್ಸಿನಲ್ಲಿ ಏನಿದೆ ಎಂದು ಮಾತಾಡುತ್ತೇವೆ. ಹಸುಮಕ್ಕಳಿಗೂ ಹಣ್ಣಾದ ಮುದುಕರಿಗೂ ಎಲ್ಲವನ್ನೂ ಒಮ್ಮೆಲೇ ಹೊರಿಸಬೇಕೆಂದಿಲ್ಲ. ಅವರವರ ಶಕ್ತಿಗೆ ತಕ್ಕಷ್ಟು ಹೇಳಿದರೆ ಸಾಕು. ಆದರೆ ಸುಳ್ಳು ಹೇಳಲಾಗದು. ಮೊದಮೊದಲು ನಾಲಗೆ ಏಳಲಿಲ್ಲ. ಈಗ ಮಗನೇ ಮೊದಲು ಮಾತು ತೆಗೆಯುತ್ತಾನೆ.

ಹೇಳಿಕೊಂಡ ಮಾತ್ರಕ್ಕೆ ಸಾಲ ತೀರದು, ರೋಗ ವಾಸಿಯಾಗದು. ಆದರೆ ಒಬ್ಬನ ಹೆಗಲಿನ ಹೊರೆಗೆ ನಾಲ್ಕು ಹೆಗಲಾಗುತ್ತವೆ. ಸದ್ಭಕ್ತರು ಇಂದು ಮನೆಗೆ ಹೋದೊಡನೆ, ಮುಚ್ಚಿಟ್ಟ ಒಂದು ಮಾತಿದ್ದರೆ, ಮನೆಯವರ ಮುಂದೆ ಅದನ್ನು ಬಿಚ್ಚಿಡಲಿ.